ಮಲ್ಲಪ್ಪನ ಬಲಗೈ

ಗುದ್ದಲಿ ಹುಣಸೆಬೇರಿಗೆ ಸಿಕ್ಕಿಕೊಂಡಿತು. ಗುಣಿಯೊಳಗಿದ್ದ ಮಾದೇವಸ್ವಾಮಿ ಸೊಂಟ ನೆಟ್ಟಗೆ ಮಾಡಿ, "ಸತ್ ಮೇಲೂ ಅಡ್ಡಗಾಲು ಆಕ್ತಾವ್ನೆ ನೋಡ್ರಲಾ ಮಲ್ಲಪ್ಪ," ಎಂದ. ಮೇಲೆ ಮಣ್ಣು ಎಳೆಯುತ್ತಿದ್ದವರು ನಕ್ಕರು.

ಮನೋಹರ ನಗಲಿಲ್ಲ. ಕಟ್ಟುಕಾಲನ್ನು ಮುಂದೆ ಚಾಚಿಕೊಂಡು ಬದುವಿನ ಮೇಲೆ ಕೂತಿದ್ದ. ಎರಡು ವರ್ಷದ ಹಿಂದೆ ಗಡಿಯಲ್ಲಿ ನೆಲಬಾಂಬು ತೆಗೆಯುವಾಗ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಈ ಮಣ್ಣಿಗೆ ಬರುವ ಮನಸ್ಸೇ ಅವನಿಗಿರಲಿಲ್ಲ. ತಾಯಿ ಶಿವಮಲ್ಲಮ್ಮ ಬಿಡಲಿಲ್ಲ. "ಎಣದ ಮುಂದೆ ಎಂತಾ ಸಿಟ್ಟು ಕಣ್ಲಾ? ಓಗಿ ಒಂದಿಡಿ ಮಣ್ಣಾಕ್ಬುಟ್ಟು ಬಾ," ಎಂದಿದ್ದಳು. ಒಂದು ಹಿಡಿ ಹಾಕಿ ಹೋಗುವುದೆಂದೇ ಬಂದಿದ್ದ.

*

ಮುನಿಸು ಹುಟ್ಟಿದ್ದು ಕಾಲು ಹೋಗುವುದಕ್ಕೂ ಮುಂಚೆ, ಕಾರ್ಗಿಲ್ ಯುದ್ಧದ ವರ್ಷ. ಮನೋಹರ ಆಗ ಸೈನ್ಯದಲ್ಲಿದ್ದ. ಮೇಲಿನ ಬೀದಿಗೆ ಕೊಳಾಯಿ ಎಳೆಯಲು ಇಟ್ಟಿದ್ದ ಹಣವನ್ನು ಯುದ್ಧನಿಧಿಗೆ ಕಳಿಸಬೇಕೆಂದು ಪಂಚಾಯಿತಿಯಲ್ಲಿ ತೀರ್ಮಾನ ತಂದರು. ಮೆಂಬರುಗಳೆಲ್ಲ ಕೈ ಎತ್ತಿದರು. ಮಲ್ಲಪ್ಪನೊಬ್ಬ ಎರಡು ಕೈಯನ್ನೂ ಟವೆಲಿನ ಕೆಳಗೆ ಇಟ್ಟುಕೊಂಡು ಕೂತ.

"ದೇಸಕ್ಕೆ ಒಂದ್ ಕೈ ಎತ್ತಾಕೂ ಆಗಲ್ವಾ ನಿಂಗೆ?" ಎಂದ ಪ್ರೆಸಿಡೆಂಟು.

"ಮದ್ದುಗುಂಡ ದಿಲ್ಲಿ ನೋಡ್ಕತ್ತದೆ. ಇಲ್ಲಿಂದ ಓಗಿರೋ ಐಕ್ಳು ತಿರುಗಿ ಬತ್ತವಲ್ಲ, ಅವತ್ತು ಅವ್ಕೆ ಏನ್ ಕೊಟ್ಟೀರಿ? ಅದಕ್ಕಿಟ್ಕಳಿ."

ಮಾರನೆಯ ಬೆಳಿಗ್ಗೆ ಅವನ ಮನೆಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ 'ಪಾಕಿಸ್ತಾನ' ಎಂದು ಬರೆದಿದ್ದರು. ಹಬ್ಬಕ್ಕೆ ಹೆಂಡತಿ ಪುಟ್ಟನಂಜಮ್ಮ ಸುಣ್ಣ ಬಳಿದಳು. ಅಕ್ಷರಗಳು ಸುಣ್ಣದೊಳಗಿಂದ ಮತ್ತೆ ಕಂಡವು. ಅಲ್ಲಿಂದಾಚೆ ಹುಡುಗರ ಬಾಯಲ್ಲಿ ಅವನು ಪಾಕಿಸ್ತಾನದ ಮಲ್ಲಪ್ಪ.

ರಜೆಗೆ ಬಂದ ಮನೋಹರನಿಗೆ ಇದೆಲ್ಲ ಗೊತ್ತಾಯಿತು. ದಾರಿಯಲ್ಲಿ ಮಲ್ಲಪ್ಪ, "ಯಾವಾಗ್ ಬಂದೆ ಮಗ?" ಎಂದಾಗ ಮಾತಾಡದೆ ಹೋದ. ಮುಂದೆಯೂ ಮಾತಾಡಲಿಲ್ಲ.

ಕಾಲು ಹೋಗಿ ಊರಿಗೆ ಬಂದ ದಿನ ಟ್ರ್ಯಾಕ್ಟರಿನಲ್ಲಿ ಕೂರಿಸಿ ತಮಟೆ ಹೊಡೆಸಿದರು. ಬಸ್‌ಸ್ಟಾಪಿನ ಪಂಚಾಯಿತಿ ಮಳಿಗೆ ನಮ್ಮ ವೀರನಿಗೇ, ಟೆಲಿಫೋನ್ ಬೂತ್ ಇಟ್ಟುಕೊಳ್ಳಲಿ ಎಂದು ಪ್ರೆಸಿಡೆಂಟು ಮೈಕಿನಲ್ಲಿ ಹೇಳಿದ. ಆಮೇಲೆ ಆ ಮಳಿಗೆಯಲ್ಲಿ ಪ್ರೆಸಿಡೆಂಟನ ಭಾಮೈದುನ ಕೋಳಿ ಅಂಗಡಿ ತೆರೆದ. ಕೇಳಲು ಹೋದ ಮನೋಹರನ ಹೆಗಲ ಮೇಲೆ ಪ್ರೆಸಿಡೆಂಟು ಕೈಯಿಟ್ಟ.

"ನಾವೆಲ್ಲ ನಿಂಗೇಂತ ಕೈ ಎತ್ತುದೊ ಕನಪ್ಪ. ಒಬ್ಬ ಎತ್ನಿಲ್ಲ, ತಕರಾರು ತಗ್ದು ಎಲ್ಲಾನೂ ಕೆಡಿಸ್ಬುಟ್ಟ. ಯಾರು ಅಂತ ನಾನ್ಯಾಕೆ ಯೋಳ್ಲಿ?"

ಹೇಳಬೇಕಾಗಿಯೂ ಇರಲಿಲ್ಲ. ಮನೋಹರ ಆಲದಮರದ ಕೆಳಗೆ ಟಾರ್ಪಾಲು ಕಟ್ಟಿ ಪಂಕ್ಚರ್ ಅಂಗಡಿ ಹಾಕಿಕೊಂಡ.

*

ಬೇರು ಕಡಿದಾಯಿತು. ಮಾದೇವಸ್ವಾಮಿ ಬೆವರು ಒರೆಸಿಕೊಂಡ. ಅವನೂ ಪಂಚಾಯಿತಿ ಮೆಂಬರೇ.

"ಇನ್ಮೇಲೆ ಮೀಟಿಂಗು ಬಿರನೆ ಮುಗೀತದೆ ಕನ್ರಪ್ಪ. ಅಂವ ಇದ್ರೆ ಎಲ್ಲಿ? ಟೀ ಬರೋ ಒತ್ಗೆ ಸರಿಯಾಗಿ ಕೈ ಮ್ಯಾಕೆ!"

"ಯಾಕಣ್ಣ?" ಎಂದ ಮಣ್ಣು ಎಳೆಯುವವನು.

"ಇನ್ಯಾಕ್ಲಾ? ಆ ಮಳಿಗೆಯ ನಮ್ಮ ಮಿಲ್ಟ್ರಿ ಉಡ್ಗನ್ಗೆ ಕೊಡಿ ಅಂತ. ಒಬ್ನೇ! ನಾವೆಲ್ಲ ನೆಲ ನೋಡ್ಕಂಡು ಕೂತಿರ್ತಿದ್ದೊ. 'ಆಯ್ತು, ಇಳಿಸಪ್ಪ' ಅನ್ನೋರು ಪ್ರೆಸಿಡೆಂಟ್ರು. ಇಳಿಸೋನು. ಮುಂದ್ಲ ತಿಂಗ್ಳು ತಿರ್ಗ ಎತ್ತೋನು, ಕೊಕ್ಕರೆ ಕತ್ತು ಎತ್ತಿದಂಗೆ."

ಗುಣಿಯ ಸುತ್ತ ನಗು ಎದ್ದಿತು. ಆಮೇಲೆ ಒಬ್ಬೊಬ್ಬರೇ ನಗು ನಿಲ್ಲಿಸಿದರು. ಮಾದೇವಸ್ವಾಮಿ ತಲೆಯೆತ್ತಿ ನೋಡಿದ. ಅಂಚಿನಲ್ಲಿ ಮನೋಹರ ನಿಂತಿದ್ದ.

"ಯಾವ ಮಳಿಗೆ?"

"ಬುಡು ಮನೋರ. ಆದದ್ದಾಯ್ತು."

"ಎಲ್ಲಾ ಮೀಟಿಂಗ್ನಲ್ಲೂ ಎತ್ತುದ್ನಾ?"

ಮಾದೇವಸ್ವಾಮಿ ಗುದ್ದಲಿಯ ಕಾವಿಗೆ ಗದ್ದ ಊರಿದ. ಧ್ವನಿಯಲ್ಲಿದ್ದ ತಮಾಷೆ ಹೋಗಿತ್ತು. "ಲಕ್ವ ಒಡುದು ಬಲಗೈ ಬಿದ್ದೋಗಿತ್ತಲ್ಲ, ಓದ್ ತಿಂಗ್ಳು? ಆಗ್ಲೂ ಬಂದ. ಎಡಗೈಲಿ ಬಲಗೈಯ ಇಡ್ಕಂಡು ಮ್ಯಾಕೆ ಎತ್ತುದ. ನಡುಗ್ತಿತ್ತು ಕನಾ. ಎಡಗೈನೇ ಎತ್ತು ಮಾರಾಯ ಅಂದೆ. 'ಎಡಗೈಲಿ ಕೇಳೋ ಇಷ್ಯವಾ ಇದು?' ಅಂದ್ಬುಟ್ಟ."

"ನೀನು?"

ಮಾದೇವಸ್ವಾಮಿ ಮಣ್ಣಿನ ಬಾಂಡಲಿಯನ್ನು ಮೇಲಕ್ಕೆ ಕೊಟ್ಟ.

ಮನೋಹರನಿಗೆ ಒಂದು ಒಗೆದ ಅಂಗಿ ನೆನಪಾಯಿತು. ತಿಂಗಳಿಗೊಂದು ದಿನ ಮಲ್ಲಪ್ಪ ಆ ಅಂಗಿ ಹಾಕಿಕೊಂಡು ಟಾರ್ಪಾಲಿನ ಮುಂದೆ ಹಾದುಹೋಗುತ್ತಿದ್ದ. ಒಂದು ಗಳಿಗೆ ನಿಲ್ಲುತ್ತಿದ್ದ. ಮನೋಹರ ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ನೋಡುವವನಂತೆ ತಲೆ ತಗ್ಗಿಸುತ್ತಿದ್ದ. ಎಲ್ಲಿಗೆ ಹೊರಟೆ ಎಂದು ಒಮ್ಮೆಯೂ ಕೇಳಿರಲಿಲ್ಲ.

*

ಹೊತ್ತು ಬೆಟ್ಟದ ಕಡೆ ವಾಲಿದಾಗ ಮಲ್ಲಪ್ಪ ಬಂದ. ಬಿದಿರಿನ ಚಟ್ಟದಲ್ಲಿ ಕೂರಿಸಿ ತಂದಿದ್ದರು. ಹಣೆಗೆ ವಿಭೂತಿ, ತಲೆಗೆ ರುಮಾಲು, ತೊಡೆಯ ಮೇಲೆ ಕೈ. ಮೀಟಿಂಗಿಗೆ ಬಂದು ಕೂತವನ ಹಾಗೇ ಕಾಣುತ್ತಿದ್ದ. ಹಿಂದೆ ಪುಟ್ಟನಂಜಮ್ಮ ಇದ್ದಳು. ಮನೋಹರ ಅವಳ ಹತ್ತಿರ ಹೋದ.

"ಚಿಕ್ಕವ್ವ, ನಂಗ್ಯಾಕೆ ಒಂದ್ ಮಾತು ಯೋಳ್ನಿಲ್ಲ?"

ಅವಳು ಅವನನ್ನು ದಿಟ್ಟಿಸಿ ನೋಡಿದಳು. "ಸೋತದ್ದ ಏನಂತ ಯೋಳ್ಲಿ, ಗೆದ್ದಾಗ ಯೋಳ್ತೀನಿ ಅಂತಿದ್ರು ಕನಪ್ಪ."

ಮಲ್ಲಪ್ಪನಿಗೆ ಗಂಡುಮಕ್ಕಳಿಲ್ಲ. ಅವನ ತಮ್ಮನ ಮಗ ಪ್ರಕಾಶ ಗುಣಿಗೆ ಇಳಿದ. ಗುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಹೆಣವನ್ನು ಕೂರಿಸಲು ಇನ್ನೊಬ್ಬ ಬೇಕಿತ್ತು.

"ಯಾರಾರು ಇಳೀರಪ್ಪ, ಒತ್ತು ಮುಳುಗ್ತದೆ," ಎಂದರು ವಿಭೂತಿ ಗಟ್ಟಿ ಹಿಡಿದು ನಿಂತಿದ್ದ ಅಯ್ನೋರು.

ಎಲ್ಲರೂ ಪ್ರೆಸಿಡೆಂಟನ ಮುಖ ನೋಡಿದರು. ಬಿಳಿ ಪಂಚೆಯ ಅವನು ಬೆಟ್ಟ ನೋಡಿದ. ಆಮೇಲೆ ಎಲ್ಲರೂ ನೆಲ ನೋಡಿದರು.

ಮನೋಹರ ಮಣ್ಣಿನ ಮೇಲೆ ಕೂತು ಪ್ಯಾಂಟು ಮಡಿಸಿ ಕಟ್ಟುಕಾಲಿನ ಪಟ್ಟಿ ಬಿಚ್ಚತೊಡಗಿದ.

"ಏಯ್, ನಿನ್ ಕೈಲಾಗಲ್ಲ ಕಣ್ಲಾ!" ಎಂದಳು ಶಿವಮಲ್ಲಮ್ಮ.

ಅವನು ಕಾಲನ್ನು ಕಳಚಿ, ಚಪ್ಪಲಿ ಸಮೇತ ಮಣ್ಣಿನ ಗುಡ್ಡೆಯ ಮೇಲೆ ನಿಲ್ಲಿಸಿದ. ಅಂಚಿಗೆ ಎರಡು ಕೈ ಊರಿ ಒಳಗೆ ಇಳಿದ.

ಒಳಗೆ ತಂಪಿತ್ತು. ಕಡಿದ ಬೇರು ಹಸಿಯಾಗಿ ನಾರುತ್ತಿತ್ತು. ಮೇಲಿಂದ ಇಳಿಸಿದ ಮಲ್ಲಪ್ಪನನ್ನು ಎದೆಗೆ ಆತುಕೊಂಡು, ಗೋಡೆಗೆ ಬೆನ್ನು ಕೊಟ್ಟು ಒಂಟಿಕಾಲಲ್ಲಿ ನಿಂತ. ಇಬ್ಬರೂ ಸೇರಿ ಗೂಡಿನಲ್ಲಿ ಕೂರಿಸಿದರು. ಮಲ್ಲಪ್ಪನ ಎರಡು ಕಾಲನ್ನೂ ಮನೋಹರನೇ ಮಡಿಸಿದ. ಎಡ ಅಂಗೈಯಲ್ಲಿ ಲಿಂಗ ಇಟ್ಟ. ಕೊನೆಗೆ ಬಲಗೈ ಹಿಡಿದ. ಕಳೆ ಕಿತ್ತು ಒಡೆದ ಬೆರಳು, ನೇಗಿಲು ಹಿಡಿದು ಜಡ್ಡುಗಟ್ಟಿದ ಅಂಗೈ. ಊರಿನ ಯಾವ ಒಕ್ಕಲಿನ ಕೈಯಾದರೂ ಹೀಗೇ ಇರುತ್ತದೆ. ಇಂಥದ್ದೊಂದು ಕೈ ಅಷ್ಟು ಸಲ ಒಂಟಿಯಾಗಿ ಮೇಲೆದ್ದಿತ್ತು ಎಂದರೆ ಅವನಿಗೆ ನಂಬಲಾಗಲಿಲ್ಲ. ಗಡಿಯಲ್ಲಿ ಅವನು ಗುಂಡಿಗೆ ಎದೆ ಕೊಟ್ಟವರನ್ನು ಕಂಡಿದ್ದ. ಅಲ್ಲಿ ಪಕ್ಕದಲ್ಲಿ ಇನ್ನೊಬ್ಬ ಇರುತ್ತಿದ್ದ.

ಅಯ್ನೋರು ಮೇಲಿಂದ ವಿಭೂತಿ ಸುರಿದರು. ಮಲ್ಲಪ್ಪನ ಮೈ, ಮನೋಹರನ ತಲೆ, ಹೆಗಲು, ತೋಳು ಎಲ್ಲ ಬೆಳ್ಳಗಾದವು. ಪ್ರಕಾಶ ಮೇಲೆ ಹತ್ತಿಕೊಂಡು, ಮನೋಹರನನ್ನು ಎತ್ತಲು ಹಗ್ಗ ತರಲು ಹೋದ. ಮನೋಹರ ಹಗ್ಗಕ್ಕೆ ಕಾಯಲಿಲ್ಲ. ಯಾರನ್ನೂ ಕೂಗಲಿಲ್ಲ.

ಬಾಯ್ತುಂಬ ಕತ್ತಲಿದ್ದ ಗುಣಿಯಿಂದ ಒಂದು ಬಲಗೈ ಮೇಲೆದ್ದಿತು. ಬೆರಳಿನಿಂದ ಮೊಣಕೈವರೆಗೆ ಬರೀ ವಿಭೂತಿ. ಅದು ಯಾರ ಕೈ ಎಂದು ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಮಾದೇವಸ್ವಾಮಿಯ ಕೈಯಿಂದ ಗುದ್ದಲಿ ಜಾರಿತು. ಪ್ರೆಸಿಡೆಂಟು ಒಂದು ಹೆಜ್ಜೆ ಹಿಂದೆ ಸರಿದ.

ಕೈ ಇಳಿಯಲಿಲ್ಲ.