ತಲೆಯೆತ್ತಿ ಕೇಳಬಾರದ ಮಾತು

ವೈರಿಂಗ್ ಕೆಲಸದವರು ಯಾರೇ ಬರಲಿ, ಒಳಗೆ ಕಾಲಿಟ್ಟ ಕೂಡಲೇ ತಲೆಯೆತ್ತಿ ನೋಡುತ್ತಾರೆ. ಆಮೇಲೆ ಲೊಚ್ ಎಂದು ಲೊಚಗುಟ್ಟುತ್ತಾರೆ. ಆಮೇಲೆ, "ಯಾರ್ರೀ ಮಾಡಿದ್ದು ಈ ಕೆಲ್ಸಾನ?" ಎನ್ನುತ್ತಾರೆ. ಹಿಂದಿನವನನ್ನು ಬೈಯದೆ ಸ್ಕ್ರೂಡ್ರೈವರ್ ಮುಟ್ಟಿದವನನ್ನು ಇಷ್ಟು ವಯಸ್ಸಾದರೂ ನಾನು ಕಂಡಿಲ್ಲ. ಬೇರೆ ಅಂಗಡಿಗಳಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ನಮ್ಮ ಲಾಂಡ್ರಿಯಲ್ಲಿ ಮಾತ್ರ ಆ ಕೆಲಸ ಮಾಡಿದವರು ಗಲ್ಲಾದ ಹಿಂದೆಯೇ ಕೂತಿರುತ್ತಿದ್ದರು. ಅವರು ನನ್ನ ಭಾವ, ಅಕ್ಕನ ಗಂಡ.

ಭಾವ ಗುಮಾಸ್ತರಾಗಿದ್ದವರು. ನಾನು ಲಾಂಡ್ರಿ ಹಾಕುವಾಗ, "ಹೊರಗಿನವರು ಯಾಕಮ್ಮ, ನಾನಿಲ್ವಾ?" ಎಂದು ಅಂಗಿಯ ತೋಳು ಮಡಚಿ ಏಣಿ ಹತ್ತಿದರು. ಇಳಿದಾಗ ದೀಪವೇನೋ ಹತ್ತಿತು. ಆದರೆ ಹಿಂದಿನ ಕೋಣೆಯ ದೀಪ ಉರಿಯಬೇಕಾದರೆ ಮುಂದಿನ ಫ್ಯಾನ್ ತಿರುಗಲೇಬೇಕು. ಕರೆಗಂಟೆ ಒತ್ತಿದರೆ ಬಟ್ಟೆ ಒಗೆಯುವ ಮೆಷಿನ್ ನಿಲ್ಲುತ್ತಿತ್ತು. ಪಕ್ಕದ ಕ್ಷೌರದಂಗಡಿಯವನು ಗಿರಾಕಿಯ ಕೆನ್ನೆಗೆ ಕತ್ತಿ ಇಡುವ ಮುಂಚೆ ಗೋಡೆ ತಟ್ಟಿ, "ಅಮ್ಮಾ, ಒಂದ್ನಿಮಿಷ ಇಸ್ತ್ರಿ ಹಾಕ್ಬೇಡಿ," ಎಂದು ಕೂಗುತ್ತಿದ್ದ. ಕೆಲಸಕ್ಕೆ ಹೊಸಬರು ಸೇರಿದರೆ ಮೂಲೆಯ ಸ್ವಿಚ್ ತೋರಿಸಿ, "ಇದನ್ನ ಹಾಕಿದ್ರೆ ಏನೂ ಆಗಲ್ಲ, ತೆಗೆದ್ರೆ ಎಲ್ಲಾ ಆಗುತ್ತೆ," ಎಂದು ಹೇಳಿಕೊಡುತ್ತಿದ್ದೆವು. ಹೀಗೇ ಒಗ್ಗಿಹೋಗಿದ್ದೆವು.

ಒಂದು ಬೆಳಿಗ್ಗೆ ಇಸ್ತ್ರಿ ಹಾಕುವ ಹೆಂಗಸಿಗೆ ಷಾಕ್ ಹೊಡೆಯಿತು. ಕೈಯಲ್ಲಿದ್ದ ಅಂಗಿಯ ಸಮೇತ ಹಿಂದಕ್ಕೆ ಹಾರಿ ಬಟ್ಟೆ ಗಂಟಿನ ಮೇಲೆ ಬಿದ್ದಳು. ಆ ಗಂಟು ಇಲ್ಲದಿದ್ದರೆ ತಲೆ ನೆಲಕ್ಕೆ ಬಡಿಯುತ್ತಿತ್ತು.

"ಚೂರು ಜುಮ್ ಅಂದಿರ್ಬೇಕು," ಎಂದರು ಭಾವ. "ರಕ್ತ ಓಡಾಡೋಕೆ ಒಳ್ಳೇದು."

"ಹಾಗಾದ್ರೆ ತಾವೂ ಒಂದ್ಸಲ ಹಿಡ್ಕೊಳಿ ಸಾರ್."

ಭಾವ ಪೇಪರಿನ ಮರೆಗೆ ಸರಿದರು. ಅವಳು ನನ್ನನ್ನು ಹಿಂದಿನ ಕೋಣೆಗೆ ಕರೆದು, "ಅಮ್ಮಾ, ವೈರಾದ್ರೂ ಬದಲಾಯ್ಸಿ, ಇಲ್ಲಾ ನನ್ನನ್ನಾದ್ರೂ ಬದಲಾಯ್ಸಿ," ಎಂದಳು.

ಅಕ್ಕನಿಗೆ ಹೇಳಿದೆ. ಅವಳು ಸೆರಗಿನ ತುದಿ ಹಿಂಡುತ್ತ, "ವೈರಿಂಗ್ ಕಾಂಟ್ರಾಕ್ಟರನ್ನ ಕರೆಸು ಕಣೇ, ಬೇಡ ಅನ್ನಲ್ಲ. ಆದ್ರೆ ಇವರ ಮುಂದೆ ಆ ಮಾತು ಬರಬಾರದು. ಇವರು ರಿಪೇರಿ ಮಾಡಿದ್ದ ಸೈಕಲ್ ಬೆಲ್ ಕೆಟ್ಟಿದೆ ಅಂದಿದ್ದಕ್ಕೇ ಮನೆ ಬಿಟ್ಟು ಹೋಗಿದ್ರು," ಎಂದಳು. ನನಗೆ ನೆನಪಿಲ್ಲವೇ? ಆ ಸಲ ಭಾವ ಹಿಂದಿರುಗುವಷ್ಟರಲ್ಲಿ ಅಕ್ಕನ ಕೂದಲು ಅರ್ಧ ಬೆಳ್ಳಗಾಗಿತ್ತು. ಈ ವಯಸ್ಸಿನಲ್ಲಿ ಹೊರಟರೆ ಅವರು ವಾಪಸು ಬರುತ್ತಾರೆಂದು ಯಾರು ಹೇಳಬೇಕು? ಅತ್ತ ದರಿ, ಇತ್ತ ಪುಲಿ ಅನ್ನುತ್ತಾರಲ್ಲ, ಹಾಗಾಯಿತು.

ಮೊದಲನೆಯ ಕಾಂಟ್ರಾಕ್ಟರನ್ನು ರಸ್ತೆಯ ತಿರುವಿನಲ್ಲೇ ಹಿಡಿದೆ. "ನೋಡಪ್ಪ, ಏನು ಬೇಕಾದ್ರೂ ಕೇಳು. ಯಾರು ಮಾಡಿದ್ದು ಅಂತ ಮಾತ್ರ ಕೇಳ್ಬೇಡ."

"ಅಷ್ಟೇ ತಾನೇ? ಬಿಡಿ ಅಮ್ಮ," ಎಂದ.

ಬಂದ. ತಲೆಯೆತ್ತಿದ. ಫ್ಯಾನಿನ ವೈರು ಬಾಗಿಲ ಚಿಲಕಕ್ಕೆ ಸುತ್ತಿಕೊಂಡು ಹೋಗಿದ್ದು ಕಂಡಿತು. ಅವನ ಕುತ್ತಿಗೆ ಕೆಂಪಾಯಿತು, ಕಿವಿ ಕೆಂಪಾಯಿತು, ಬಾಯಿಗೆ ಕೈ ಒತ್ತಿಕೊಂಡು ಹೊರಗೋಡಿದ. ನಾನು ಹಿಂದೆ ಹೋದರೆ ಲೈಟ್ ಕಂಬ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ. "ಆಗಲ್ಲ ಅಮ್ಮಾ. ಈ ಮಾತನ್ನ ಹೊಟ್ಟೇಲಿ ಇಟ್ಕೊಂಡು ಕೆಲ್ಸ ಮಾಡಿದ್ರೆ ನಂಗೆ ಏನಾದ್ರೂ ಆಗ್ಬಿಡುತ್ತೆ. ಬೇರೆಯವರನ್ನ ನೋಡಿ."

ಎರಡನೆಯವನಿಗೆ, ಸುಮ್ಮನಿರುವುದು ಕಷ್ಟವಾದರೆ ಎರಡು ಒಳ್ಳೆಯ ಮಾತಾಡು ಎಂದೆ. ಅವನು ಮಾತಿನ ಮಲ್ಲ. "ಆಹಾ! ಇಂಥ ಕೈಕೆಲಸ ಈಗ ಎಲ್ಲಿದೆ!" ಎಂದ.

ಭಾವನ ಮುಖ ಊರಗಲವಾಯಿತು. "ಕೇಳಿಸ್ಕೊಂಡ್ಯೇನಮ್ಮ? ತಿಳಿದವರಿಗೆ ತಿಳಿಯುತ್ತೆ." ಕೋಲು ಹಿಡಿದು ಒಂದೊಂದು ವೈರನ್ನೂ ತೋರಿಸಿದರು, ಟೀ ತರಿಸಿದರು. ಕೊನೆಗೆ, "ಇದರ ಒಂದು ಮೊಳೆ ಅಲ್ಲಾಡಿಸೋಕೂ ನಾನು ಬಿಡಲ್ಲ," ಎಂದುಬಿಟ್ಟರು. ಆ ಕಾಂಟ್ರಾಕ್ಟರ್ ಹೋಗುವಾಗ ಕೈ ತಾಗಿ ಮೂಲೆಯ ಸ್ವಿಚ್ಚಿನಿಂದ ಷಾಕ್ ತಿಂದ. ಆಗಲೂ "ಆಹಾ" ಎಂದೇ ಹೋದ.

ಮೂರನೆಯವರು ದಪ್ಪ ಕನ್ನಡಕದ ಹಿರಿಯ ಕಾಂಟ್ರಾಕ್ಟರ್. ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ನಾನು ತಾರಸಿಯಲ್ಲಿ ಹೊದಿಕೆ ಒಣಹಾಕುತ್ತಿದ್ದೆ. ಗಂಟೆ ಕೇಳಿಸಿತು, ಮೆಷಿನ್ ನಿಂತಿತು, ನನ್ನ ಎದೆಯೂ ನಿಂತಿತು. ಮೆಟ್ಟಿಲಿಳಿಯುವಾಗಲೇ ಅವರ ದನಿ ಬಂತು.

"ಅಯ್ಯಯ್ಯೋ! ಯಾವ ಪುಣ್ಯಾತ್ಮ ರೀ ಮಾಡಿದ್ದು ಇದನ್ನ?"

ಇಸ್ತ್ರಿಯವಳು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದವಳು ಹಾಗೇ ನಿಂತಳು. ಬಟ್ಟೆ ಮಡಿಸುತ್ತಿದ್ದ ಅಕ್ಕ ಕಣ್ಣು ಮುಚ್ಚಿಕೊಂಡಳು. ಭಾವ ನಿಧಾನವಾಗಿ ಎದ್ದು ಕಾಂಟ್ರಾಕ್ಟರ ಪಕ್ಕಕ್ಕೆ ಬಂದರು. ಅವರಂತೆಯೇ ತಲೆಯೆತ್ತಿ ಬಹಳ ಹೊತ್ತು ನೋಡಿದರು. ಲೊಚ್ ಎಂದು ಲೊಚಗುಟ್ಟಿದರು.

"ನಾನೂ ಅದನ್ನೇ ಕೇಳ್ತಿದೀನಿ ಸ್ವಾಮಿ. ಯಾರು ಮಾಡಿದ್ದು?"

ಅವರು ಮನಸ್ಸು ಬದಲಾಯಿಸುವ ಮುಂಚೆ, ಒಂದು ಕಾಲು ಗಿಡ್ಡವಾದ ನಮ್ಮ ಹಳೇ ಏಣಿಯನ್ನು ತಂದು ನಿಲ್ಲಿಸಿದೆ.

ಕೆಲಸ ಆಗಲೇ ಶುರುವಾಯಿತು. ಏಣಿಯ ಮೇಲಿನಿಂದ ಕಾಂಟ್ರಾಕ್ಟರ್ ಒಂದೊಂದು ತುಂಡು ಕಿತ್ತು ಎಸೆದಂತೆ, ಕೆಳಗಿನಿಂದ ಭಾವ ಅವರಿಗಿಂತ ಜೋರಾಗಿ ಬೈಯುತ್ತಿದ್ದರು. "ಅಬ್ಬಬ್ಬಾ, ಇದೇನು ವೈರೋ, ಜಡೆಯೋ? ಕಣ್ಣು ಕಾಣ್ತಿರ್ಲಿಲ್ವಾ ಅವನಿಗೆ?"

"ನೋಡೋಕೆ ಹೇಗಿದ್ದ?" ಎಂದು ಕಾಂಟ್ರಾಕ್ಟರ್ ಕೇಳಿದರು.

ಭಾವ ನನ್ನ ಮುಖ ನೋಡಿದರು. ಏನಾದರೂ ಹೇಳಲೇಬೇಕಲ್ಲ. "ಕುಳ್ಳಗಿದ್ದ," ಎಂದೆ.

"ಅಷ್ಟೇನೂ ಕುಳ್ಳ ಅಲ್ಲ," ಎಂದರು ಭಾವ.

"ಮೂಗಿನ ತುದೀಲಿ ಕೋಪ," ಎಂದಳು ಅಕ್ಕ. "ಊಟದ ಹೊತ್ತಿಗೆ ಮಾತ್ರ ತಪ್ಪದೆ ಇಳಿದು ಬರ್ತಿದ್ದ."

ಭಾವ ಕೆಮ್ಮಿದರು.

ಕಾಂಟ್ರಾಕ್ಟರ್ ಏಣಿಯಿಂದ ಇಳಿದು, ಕರಕಲಾದ ಒಂದು ತುಂಡನ್ನು ಗಲ್ಲಾದ ಮೇಲಿಟ್ಟರು. ಈಗ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ಇಸ್ತ್ರಿಯವಳಿಗೆ ಷಾಕ್ ಹೊಡೀತು ಅಂದಿದ್ರಲ್ಲ, ಆಯಮ್ಮ ಬದುಕಿದ್ದೇ ಹೆಚ್ಚು. ಅವನ ಹೆಸರು ಹೇಳಿ. ನಮ್ಮ ಸಂಘದಲ್ಲಿ ಹೇಳಿ, ಇನ್ಮೇಲೆ ಒಂದು ಬಲ್ಬೂ ಮುಟ್ಟದ ಹಾಗೆ ಮಾಡ್ತೀನಿ."

ಭಾವ ಆ ತುಂಡನ್ನು ಮುಟ್ಟಿ ನೋಡಿದರು. ಆಮೇಲೆ ಇಸ್ತ್ರಿಯವಳನ್ನು ನೋಡಿದರು.

"ಬಿಟ್ಬಿಡಿ ಸ್ವಾಮಿ," ಎಂದರು, ಮೆಲ್ಲಗೆ. "ಅವನ ಕಸುಬಲ್ಲ ಇದು. ಮನೆಯವರಿಗೆ ಉಪಕಾರ ಆಗ್ಲಿ ಅಂತ ಮಾಡ್ದ. ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ ಆಗಿರ್ಬೇಕು. ಪಾಪ, ಏಣಿ ಹಿಡಿಯೋಕೂ ಯಾರೂ ಇರ್ಲಿಲ್ಲ ಅವನಿಗೆ."

"ಯಾರೂ ಇರ್ಲಿಲ್ವಾ?" ಅಕ್ಕನಿಗೆ ತಡೆಯಲಾಗಲಿಲ್ಲ. "ಮೂರು ಹೊತ್ತೂ ನಾನೇ ಹಿಡ್ಕೊಂಡು ನಿಂತಿದ್ನಲ್ರೀ! ಕತ್ತು ನೋವು ಬಂದಿತ್ತು!"

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಕಾಂಟ್ರಾಕ್ಟರ್ ಕನ್ನಡಕ ಮೇಲೇರಿಸಿ ಅವಳನ್ನು ನೋಡಿದರು, ಭಾವನನ್ನು ನೋಡಿದರು, ಬಾಯಿಗೆ ಬಂದ ಮಾತನ್ನು ನುಂಗಿಕೊಂಡರು.

"ಏಣಿ ಮಾತ್ರ ಬಹಳ ಚೆನ್ನಾಗಿ ಹಿಡಿದಿದ್ದಾರೆ," ಎಂದರು. "ಅದರಲ್ಲಿ ಎರಡು ಮಾತಿಲ್ಲ."

ಭಾವ ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ?" ಎಂದಳು ಅಕ್ಕ. ಅವರು ತಿರುಗಿ ನೋಡದೆ ಬೀದಿಗಿಳಿದರು. ಇಸ್ತ್ರಿಯವಳು, "ನನ್ನಿಂದ ಆಯ್ತಲ್ಲ ಅಮ್ಮಾ," ಎಂದಳು. ನಾವು ಮೂವರೂ ಬಾಗಿಲನ್ನೇ ನೋಡುತ್ತ ನಿಂತೆವು.

ಸ್ವಲ್ಪ ಹೊತ್ತಿಗೆ ಭಾವ ಕ್ಷೌರದಂಗಡಿಯಿಂದ ಈಚೆ ಬಂದರು. ಕೈಯಲ್ಲಿ ಮಡಿಸಿದ ಒಂದು ರಟ್ಟಿನ ತುಂಡು. ಮೊಣಕಾಲೂರಿ ಅದನ್ನು ಏಣಿಯ ಗಿಡ್ಡ ಕಾಲಿನಡಿ ತೂರಿಸಿ, ಎರಡೂ ಕೈಯಲ್ಲಿ ಏಣಿ ಹಿಡಿದರು.

"ಅಲ್ಲಾಡ್ತಿತ್ತು," ಎಂದರು. "ಹತ್ತಿ ಸ್ವಾಮಿ."