ನೀರು ತುಂಬಿದ ಗವಿ

ಕನ್ನಡಕದ ಅಂಗಡಿಗೆ ಆ ಹೆಂಗಸು ಬಂದದ್ದು ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ. ಅರವತ್ತು ದಾಟಿದ ವಯಸ್ಸು, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು. ನೀರಿನಲ್ಲಿ ಮುಳುಗುವವರು ಮುಖಕ್ಕೆ ಹಾಕಿಕೊಳ್ಳುವ ರಬ್ಬರಿನ ಮಾಸ್ಕನ್ನು ಮೇಜಿನ ಮೇಲಿಟ್ಟು, "ಇದರೊಳಗೆ ನನ್ನ ನಂಬರಿನ ಗ್ಲಾಸು ಕೂರಿಸಿಕೊಡ್ತೀಯಾ? ಗಾಳಿ ಎಷ್ಟು ಉಳಿದಿದೆ ಅಂತ ತೋರಿಸೋ ಮುಳ್ಳು ಈಚೆಗೆ ಮಸುಕು ಮಸುಕು," ಎಂದಳು.

ಅಂಗಡಿಯಾಕೆ ಮದುವೆಗೂ ಮುಂಚಿನಿಂದ ಗಾಜು ಉಜ್ಜುತ್ತ ಬಂದವಳು. ಇಂಥ ಕೆಲಸ ಎಂದೂ ಬಂದಿರಲಿಲ್ಲ. ಅಳತೆ ತೆಗೆಯುತ್ತ, "ಸಮುದ್ರಕ್ಕೆ ಇಳೀತೀರಾ?" ಎಂದು ಕೇಳಿದಳು.

"ಇಲ್ಲಮ್ಮ. ನೀರು ತುಂಬಿದ ಗವಿಗೆ."

ಹೆಂಗಸು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಮೇಲಿನಿಂದ ಇಳಿಬಿದ್ದ ಬಿಳಿ ಕಲ್ಲಿನ ಕಂಬಗಳು. ನಡುವೆ ಒಬ್ಬ ಮನುಷ್ಯ ತೇಲುತ್ತಿದ್ದ. ನೀರು ಅಷ್ಟು ತಿಳಿಯಾಗಿತ್ತೆಂದರೆ ಅವನು ಗಾಳಿಯಲ್ಲೇ ನಿಂತಂತಿತ್ತು. ಅವನ ಪಕ್ಕದಲ್ಲಿ ಬಿಗಿದು ಕಟ್ಟಿದ ತೆಳ್ಳನೆಯ ಹಗ್ಗವೊಂದು ಕತ್ತಲೊಳಕ್ಕೆ ಹೋಗಿತ್ತು.

"ಆ ಕಡೆ ಏನಿದೆ?"

"ಅದನ್ನ ನೋಡೋಕೇ ಹೋಗೋದು," ಎಂದು ಹೆಂಗಸು ನಕ್ಕಳು.

ಅವಳು ನೀರಿನಲ್ಲಿ ಮುಳುಗುವುದನ್ನು ಕಲಿಸುವವಳೆಂದೂ ಶಿಷ್ಯರೆಲ್ಲ ಅವಳನ್ನು ಮೀನಕ್ಕ ಎಂದು ಕರೆಯುತ್ತಾರೆಂದೂ ಆಮೇಲೆ ಗೊತ್ತಾಯಿತು. ಮಾಸ್ಕು ಸಿದ್ಧವಾಗಿ ಹೋದ ಮೇಲೂ ಆ ಚಿತ್ರ ಅಂಗಡಿಯಾಕೆಯ ತಲೆ ಬಿಟ್ಟು ಹೋಗಲಿಲ್ಲ. ಗಿರಾಕಿಗಳಿಗೆ ಅಕ್ಷರದ ಹಲಗೆ ಓದಿಸುವಾಗಲೂ ಮನಸ್ಸು ಆ ಹಗ್ಗದ ಹಿಂದೆಯೇ. ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ, ತಾನೂ ಆ ಗವಿಗೆ ಇಳಿಯುವುದನ್ನು ಕಲಿಯುತ್ತೇನೆಂದು ಬಾಯಿಬಿಟ್ಟಳು.

ಗಂಡ ಬಸ್ ಡ್ರೈವರ್. ತುತ್ತು ಬಾಯಿಗೆ ಹೋಗದೆ ಅಲ್ಲೇ ನಿಂತಿತು. "ಭೂಮಿ ಮೇಲೆ ಜಾಗ ಸಾಲ್ದೇ ಹೋಯ್ತೇನೇ ನಿಂಗೆ?"

ಅತ್ತೆ ಮಾತ್ರ ಗಂಭೀರವಾಗಿ, "ನೋಡಮ್ಮ, ಗಂಡನ ಮೇಲೆ ಕೋಪ ಬಂದ್ರೆ ತವರಿಗೆ ಹೋಗ್ತಾರೆ. ಪಾತಾಳಕ್ಕೆ ಹೋದೋರನ್ನ ನಾನು ಕಂಡಿಲ್ಲ," ಎಂದರು.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಮಾರನೆಯ ವಾರವೇ ಈಜುಕೊಳದಲ್ಲಿ ಗಾಳಿಯ ಸಿಲಿಂಡರ್ ಬೆನ್ನಿಗೇರಿಸಿಕೊಂಡು ಮೀನಕ್ಕನ ಮುಂದೆ ನಿಂತಿದ್ದಳು.

ಕಲಿಕೆಗೆ ಒಂದು ವರ್ಷವೇ ಹಿಡಿಯಿತು. ಮೊದಲು ಕೊಳ, ಆಮೇಲೆ ತೆರೆದ ಕೆರೆ. ಗಾಳಿಯನ್ನು ಮೂರು ಪಾಲು ಮಾಡಬೇಕು: ಒಂದು ಹೋಗಲು, ಒಂದು ಬರಲು, ಒಂದು ಆಪತ್ತಿಗೆ. ಹಗ್ಗ ಬಿಡಬಾರದು. ಯಾರಾದರೂ ಹೆಬ್ಬೆರಳು ಎತ್ತಿದರೆ ಎಲ್ಲರೂ ವಾಪಸ್ಸು. ಯಾಕೆಂದು ಯಾರೂ ಕೇಳುವಂತಿಲ್ಲ. ಮೀನಕ್ಕ ಇವನ್ನು ಮಗ್ಗಿ ಬಾಯಿಪಾಠ ಮಾಡಿಸಿದಂತೆ ಮಾಡಿಸಿದಳು.

ಗವಿಗೆ ಇಳಿಯುವ ದಿನ ಗಂಡ ರಜೆ ಹಾಕಿ ಜೊತೆಗೆ ಬಂದ. ಕಾವಲಿಗೋ ಕಣ್ಣೀರಿಗೋ ಎಂದು ಹೇಳಲಿಲ್ಲ. ಗವಿಯ ಬಾಯಲ್ಲಿ, ನೀರಿನ ಅಡಿಯಲ್ಲೇ, ಒಂದು ಹಲಗೆ ನೆಟ್ಟಿದ್ದರು: 'ಇಲ್ಲಿ ಜನ ಸತ್ತಿದ್ದಾರೆ. ತರಬೇತಿ ಇಲ್ಲದವರು ಮುಂದೆ ಹೋಗಬೇಡಿ.' ಅದನ್ನು ದಾಟಿ ಸ್ವಲ್ಪ ದೂರ ಹೋಗಿ ಅವಳು ಹಿಂದಿರುಗಿ ನೋಡಿದಳು. ಹಗಲಿನ ಬೆಳಕು ನೀಲಿ ಚುಕ್ಕೆಯಷ್ಟಾಗಿತ್ತು. ತಲೆಯ ಮೇಲೆ ಬರೀ ಬಂಡೆ. ಎದೆ ಡವಡವ ಹೊಡೆದುಕೊಂಡಿತು. ಒಳಗೆಳೆದ ಉಸಿರು ಸಾಲದಂತಾಯಿತು. ಹೆಬ್ಬೆರಳು ತಾನಾಗಿಯೇ ಮೇಲೆದ್ದಿತು.

ದಡದಲ್ಲಿ ಕೂತು ಅವಳು ತಲೆ ಎತ್ತಲಿಲ್ಲ. "ಇವತ್ತಿನ ಪಾಠ ಚೆನ್ನಾಗಾಯ್ತು," ಎಂದು ಮೀನಕ್ಕ ಹೇಳಿದ್ದೂ ಸಮಾಧಾನದ ಮಾತೆಂದೇ ಅನಿಸಿತು.

ಗಂಡ ಟವೆಲ್ ಹೊದಿಸಿ ಪಕ್ಕದಲ್ಲಿ ಕೂತ. "ಮಂಜು ಬಿದ್ದಾಗ ಎಷ್ಟು ಸಲ ಬಸ್ಸು ಪಕ್ಕಕ್ಕೆ ಹಾಕಿ ನಿಲ್ಲಿಸಿದ್ದೀನಿ ಗೊತ್ತಾ? ಒಬ್ಬರೂ ಒಳ್ಳೆ ಮಾತು ಹೇಳಿಲ್ಲ. ಎಲ್ಲಾ ಬೈದವ್ರೇ. ಆದ್ರೆ ಬೈಯೋಕೆ ಎಲ್ಲರೂ ಇದ್ರಲ್ಲ!"

ಆ ಮಾತು ಕೇಳಿ ಅವಳಿಗೆ ಜೀವ ಬಂದಂತಾಯಿತು. ಮುಂದಿನ ಸಲ ಅವಳು ಹೆಬ್ಬೆರಳು ಎತ್ತಿದ್ದ ಜಾಗವನ್ನು ದಾಟಿ ಹೋದಳು. ಅದರ ಮುಂದಿನ ಸಲ ಇನ್ನೂ ಒಳಕ್ಕೆ.

ಆಗಲೇ ಅದು ನಡೆದದ್ದು. ಜೊತೆಗೆ ಕಲಿಯುತ್ತಿದ್ದ ಬೇಕರಿಯವನು ಆಳು ದೊಡ್ಡವನು. ಇಕ್ಕಟ್ಟಿನಲ್ಲಿ ತಿರುಗಲು ಹೋಗಿ ಕಾಲು ಝಾಡಿಸಿದ. ತಳದ ಹೂಳೆಲ್ಲ ಒಮ್ಮೆಗೇ ಎದ್ದಿತು. ಟಾರ್ಚಿನ ಬೆಳಕು ಹಾಲಿನಲ್ಲಿ ಹಚ್ಚಿದಂತೆ ಬೆಳ್ಳಗಾಗಿ, ತನ್ನ ಕೈ ತನಗೇ ಕಾಣದಾಯಿತು. ಮುಂದಿದ್ದ ಮೀನಕ್ಕ ಎಲ್ಲಿದ್ದಾಳೋ ತಿಳಿಯಲಿಲ್ಲ. ಬೇಕರಿಯವನು ಅಂಗಡಿಯಾಕೆಯ ತೋಳನ್ನು ಇಕ್ಕಳದಂತೆ ಹಿಡಿದು ಎಳೆದಾಡತೊಡಗಿದ.

ಅವಳ ಎಡಗೈಯಲ್ಲಿ ಹಗ್ಗವಿತ್ತು. ಅದನ್ನು ಬಿಡದೆ ಸುಮ್ಮನೆ ನಿಂತಳು. ಒಂದು ಉದ್ದನೆಯ ಉಸಿರು ಬಿಟ್ಟಳು, ಮತ್ತೊಂದು ಬಿಟ್ಟಳು. ಅವನಿಗೂ ಆ ಗುಳ್ಳೆಗಳ ಸದ್ದು ಕೇಳಿಸಿರಬೇಕು. ಹಿಡಿತ ಸ್ವಲ್ಪ ಸಡಿಲವಾಯಿತು. ಅವಳು ಅವನ ಕೈಯನ್ನು ತಡವಿ ಹಿಡಿದು ಹಗ್ಗದ ಮೇಲೆ ಇಡಿಸಿದಳು. ದಾರಿ ತೋರಿಸಲೆಂದು ಹಗ್ಗಕ್ಕೆ ಕಟ್ಟಿದ್ದ ಬಾಣದಾಕಾರದ ಬಿಲ್ಲೆ ಬೆರಳಿಗೆ ಸಿಕ್ಕಿತು. ಅದರ ಚೂಪು ತುದಿ ಯಾವ ಕಡೆಗಿದೆಯೋ ಅದೇ ಹೊರದಾರಿ. ಸವರಿ ನೋಡಿದಳು, ನಂಬದೆ ಇನ್ನೊಮ್ಮೆ ಸವರಿದಳು. ಆಮೇಲೆ ಅಂಗುಲ ಅಂಗುಲವಾಗಿ ಹೊರಟಳು. ಅವನು ಕುರಿಮರಿಯಂತೆ ಹಿಂದೆ ಬಂದ. ನೀರು ತಿಳಿಯಾಗುವ ಹೊತ್ತಿಗೆ ಹಿಂದಿನಿಂದ ಮೀನಕ್ಕನ ಟಾರ್ಚು ಕಂಡಿತು.

ದಡಕ್ಕೆ ಬಂದವನೇ ಬೇಕರಿಯವನು ಗಳಗಳ ಅತ್ತ. "ಅಕ್ಕಾ, ನಂಗೆ ನನ್ನ ಒಲೆ ಬೆಂಕಿನೇ ಸಾಕು," ಎಂದು ಎರಡೂ ಕೈ ಮುಗಿದು ಅವತ್ತೇ ಬಿಟ್ಟುಬಿಟ್ಟ.

ಅವಳಿಗೂ ಭಯ ಬಿಡಲಿಲ್ಲ. ಎಷ್ಟೋ ದಿನ ಲಿಫ್ಟು ಹತ್ತದೆ ಮೆಟ್ಟಿಲಲ್ಲೇ ಓಡಾಡಿದಳು. ಹೊದಿಕೆ ಮುಖದ ಮೇಲೆ ಬಂದರೆ ಕಿತ್ತೆಸೆಯುತ್ತಿದ್ದಳು. ಬಿಟ್ಟುಬಿಡುತ್ತೇನೆಂದು ಹೇಳಲು ಮೀನಕ್ಕನ ಮನೆಗೆ ಹೋದಳು.

ಮೀನಕ್ಕ ಟೀ ಕೊಟ್ಟು ಕೇಳಿದಳು: "ಭಯ ಇದೆಯಾ?"

"ತುಂಬಾ."

"ನಂಗೂ ಇದೆ. ಅದು ಹೋದ ದಿನ ನಾನು ಇಳಿಯೋದು ನಿಲ್ಲಿಸ್ತೀನಿ. ಆಸೆ?"

ಅವಳು ಲೋಟ ಕೆಳಗಿಟ್ಟಳು. "ಆ ಇಕ್ಕಟ್ಟು ದಾಟಿದ ಮೇಲೆ ಏನಿದೆ ಮೀನಕ್ಕಾ?"

"ನೋಡು, ಉತ್ತರ ನೀನೇ ಕೊಟ್ಟೆ."

ಬೇಸಿಗೆಯ ಕೊನೆಯಲ್ಲಿ ಇಬ್ಬರೇ ಇಳಿದರು. ಇಕ್ಕಟ್ಟಿನಲ್ಲಿ ಅವಳು ಕಾಲು ಮಡಿಸಿ, ಹೂಳಿನ ಒಂದು ಕಣ ಏಳದಂತೆ, ಬೆರಳ ತುದಿಯಿಂದ ಬಂಡೆಯನ್ನು ಮುಟ್ಟುತ್ತ ಸಾಗಿದಳು. ಆಮೇಲೆ ಗೋಡೆಗಳು ಇದ್ದಕ್ಕಿದ್ದಂತೆ ದೂರ ಸರಿದವು. ಟಾರ್ಚು ಎತ್ತಿದರೆ ಬೆಳಕು ಎದುರುಗೋಡೆ ಮುಟ್ಟಲು ಒದ್ದಾಡುವಷ್ಟು ದೊಡ್ಡ ಕೋಣೆ. ಮೇಲಿನಿಂದ ಸಾವಿರಾರು ಬಿಳಿ ಕಡ್ಡಿಗಳು, ಕೆಲವು ಹುಲ್ಲಿನ ಎಸಳಿನಷ್ಟು ತೆಳ್ಳಗೆ. ಇಷ್ಟು ಕಾಲ ಯಾರ ಕಣ್ಣಿಗೂ ಬೀಳದೆ ಇವು ಸುಮ್ಮನೆ ಬೆಳೆದುಕೊಂಡಿದ್ದವಲ್ಲ ಎಂದು ಅವಳಿಗೆ ಅನಿಸಿತು. ಮಾಸ್ಕಿನೊಳಗೆ ಅಳುವುದು ಕಷ್ಟ. ಆದರೂ ಅತ್ತಳು.

ಕೋಣೆಯ ತುದಿಯಲ್ಲಿ ದಾರಿ ಮತ್ತೆ ತಿರುಗಿತ್ತು. ಮೀನಕ್ಕ ಮುಂದಿದ್ದಳು. ಹಿಂದಿದ್ದ ಅಂಗಡಿಯಾಕೆ ತನ್ನ ಮುಳ್ಳು ನೋಡಿದಳು: ಮೊದಲ ಪಾಲು ಗಾಳಿ ಮುಗಿಯುತ್ತ ಬಂದಿತ್ತು. ಹೋಗಬೇಕೆಂಬ ಆಸೆ ಹೊಟ್ಟೆಯಲ್ಲಿ ಹಸಿವಿನಂತೆ ಎದ್ದಿತ್ತು. ಈ ಸಲ ಹೆದರಿಕೆಯ ನಡುಕವಿಲ್ಲದೆ ಹೆಬ್ಬೆರಳು ಎತ್ತಿದಳು.

ದಡದಲ್ಲಿ ಗಂಡ ಕೈ ಹಿಡಿದು ಮೇಲೆಳೆದುಕೊಂಡ. ಅವಳು ಹಲ್ಲು ಕಟಕಟಿಸುತ್ತಲೇ ಕೋಣೆಯ ವಿಷಯ ಹೇಳತೊಡಗಿದಳು. ಮಾತು ಸಾಲದೆ ಎರಡೂ ಕೈ ಅಗಲಿಸಿ ತೋರಿಸಿದಳು. ಅವನು ಬಾಯಿ ತೆರೆದುಕೊಂಡು ಕೇಳಿಸಿಕೊಂಡ. ಸಿಲಿಂಡರ್ ಎತ್ತಿ ಕಾರಿಗೆ ಹಾಕುತ್ತ, "ಕಬ್ಬಿಣದ ಹೆಣ ಇದ್ದ ಹಾಗಿದೆ," ಎಂದು ಗೊಣಗಿದ. ಆಮೇಲೆ ಡಿಕ್ಕಿ ಮುಚ್ಚಿ, ಅವಳ ಮುಖ ನೋಡಿ, "ಮತ್ತೆ ಯಾವಾಗ ಬರೋದು?" ಎಂದು ಕೇಳಿದ.