ಗೋಡೆಗೆ ಹೊಸ ಬಣ್ಣ

ಆ ಓಣಿಗೆ ಕಾಗದಪತ್ರದಲ್ಲಿ ಬೇರೇನೋ ಹೆಸರಿತ್ತು. ಜನರ ಬಾಯಲ್ಲಿ ಮಾತ್ರ ಅದು ‘ಚಿತ್ರದ ಗೋಡೆ ಓಣಿ’. ಟೈಲರಮ್ಮನ ಒಬ್ಬಳೇ ಮಗಳು ಹತ್ತೊಂಬತ್ತನೇ ವಯಸ್ಸಿನಲ್ಲಿ ಅಲ್ಲಿನ ಉದ್ದ ಗೋಡೆಯ ಮೇಲೆ ಅಕ್ಕಪಕ್ಕದವರನ್ನೆಲ್ಲ ಬರೆದಿದ್ದಳು: ಇಸ್ತ್ರಿಯವನು, ಸೈಕಲ್ ರಿಪೇರಿಯ ಮಾವ, ಹೊಲಿಗೆ ಯಂತ್ರದ ಮುಂದೆ ಅಮ್ಮ. ಒಬ್ಬರ ಮೂಗೂ ನೆಟ್ಟಗಿರಲಿಲ್ಲ. ಆದರೂ ಯಾರಿಗೂ ಗೊತ್ತಿರದ ಓಣಿಗೆ ಒಂದು ಗುರುತು ಸಿಕ್ಕಿತು. ಎರಡೇ ವರ್ಷಕ್ಕೆ ಮಗಳು ಜ್ವರದಲ್ಲಿ ತೀರಿಕೊಂಡಳು.

ಆಮೇಲೆ ಟೈಲರಮ್ಮನ ಕಣ್ಣಿಗೆ ಪೊರೆ ಬಂದು ಗೋಡೆ ಬರೀ ಮಬ್ಬಾಯಿತು. ಆಕೆ ಅದನ್ನು ಬೆರಳಿನಿಂದ ಸವರಿ, ಮಗಳ ಬ್ರಷ್ ಎಲ್ಲಿ ಓಡಿದೆ, ಎಲ್ಲಿ ತಡವರಿಸಿದೆ ಎಂದು ಹುಡುಕುತ್ತಿದ್ದಳು.

“ಆಪರೇಷನ್ನು ಸೂಜಿಗೆ ದಾರ ಪೋಣಿಸೋಕಲ್ಲ ಕಣೋ. ಅವಳು ಬರ್ದಿದ್ದನ್ನ ಒಂದ್ಸಲ ಕಣ್ತುಂಬ ನೋಡ್ಬೇಕು,” ಎಂದು ಇಸ್ತ್ರಿಯವನಿಗೆ ಹೇಳಿ ಆಸ್ಪತ್ರೆಗೆ ಹೋದಳು. ಅಲ್ಲಿಂದ ತಂಗಿಯ ಮನೆಗೆ.

ಇಸ್ತ್ರಿಯವನು ಗೋಡೆಯ ಮುಂದೆ ಹೋಗಿ ನಿಂತ. ಹೊಸ ಕಣ್ಣಿಗೆ ಆ ಮಾಸಿದ, ಚಕ್ಕೆ ಎದ್ದ ಗೋಡೆಯನ್ನು ತೋರಿಸುವುದೇ? ಓಣಿಯವರು ಮಾತಾಡಿಕೊಂಡು ಬೋರ್ಡ್ ಬರೆಯುವ ಪೇಂಟರನ್ನು ಹಿಡಿದರು. ಅವನು ಒಂದು ಕಾಸೂ ಮುಟ್ಟದೆ ಹನ್ನೆರಡು ದಿನ ಏಣಿ ಇಳಿಯಲಿಲ್ಲ.

ಟೈಲರಮ್ಮ ವಾಪಸು ಬಂದಾಗ ಓಣಿಗೆ ಓಣಿಯೇ ಕಾದು ನಿಂತಿತ್ತು. ಗೋಡೆ ಥಳಥಳ ಹೊಳೆಯುತ್ತಿತ್ತು. ಅದೇ ಜನ, ಅದೇ ಜಾಗ. ಮೂಗುಗಳೆಲ್ಲ ನೆಟ್ಟಗಾಗಿದ್ದವು. ಆಕೆ ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಎಲ್ಲೂ ತಡವರಿಸದ, ನಯವಾದ ಕೈ.

“ಹೆಂಗಿದೆ ಅಮ್ಮ?” ಎಂದ ಪೇಂಟರ್.

“ಇದ್ರ ಕೆಳಗೆ ಹಳೇದು ಹಂಗೇ ಇದ್ಯೇನಪ್ಪ?”

“ಛೆ, ಎಲ್ಲಾದ್ರೂ ಉಂಟೇ! ತಂತಿ ಬ್ರಷ್ಷಲ್ಲಿ ಪೂರ್ತಿ ಕೆರೆದು ತೊಳೆದೇ ಹಚ್ಚಿದ್ದು. ಇಲ್ಲಾಂದ್ರೆ ಹೊಸ ಬಣ್ಣ ನಿಲ್ಲಲ್ಲ. ಅರ್ಧಂಬರ್ಧ ಕೆಲಸ ನನ್ನ ಜಾಯಮಾನದಲ್ಲೇ ಇಲ್ಲ.”

ಕೆಟ್ಟವರು ಕೆಡಿಸಿದರೆ ಶಪಿಸಬಹುದು. ಹನ್ನೆರಡು ದಿನ ಬಿಸಿಲಲ್ಲಿ ಬೆಂದವನನ್ನು ಏನೆಂದು ಬೈಯುವುದು? ಎಲ್ಲರೂ ಟೈಲರಮ್ಮನ ಮುಖವನ್ನೇ ನೋಡುತ್ತಿದ್ದರು.

“ತುಂಬ ಚೆನ್ನಾಗಿದೆ ಕಣಪ್ಪ. ನಿನ್ನ ಹೊಟ್ಟೆ ತಣ್ಣಗಿರಲಿ,” ಎಂದಳು.

ಕಣ್ಣಿಗೆ ಇನ್ನೂ ಎರಡು ವಾರ ನೀರು ಸೋಕಿಸಬಾರದು ಎಂದು ಡಾಕ್ಟರು ಹೇಳಿದ್ದರು. ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಆಕೆ ಹೊತ್ತು ಮುಳುಗುವವರೆಗೂ ಅತ್ತಳು.